ಕೌನ್ಸೆಲರ್ ಬಳಿ ಯಾರೂ ಕೇಳದ ಪ್ರಶ್ನೆ

ಮಗಳನ್ನು ಕೌನ್ಸೆಲಿಂಗ್‌ಗೆ ಕರೆತರುವ ತಾಯಂದಿರು ಫೀಸು ಎಷ್ಟು, ಎಷ್ಟು ಸಲ ಬರಬೇಕು ಎಂದು ವಿಚಾರಿಸುತ್ತಾರೆ. ವಿಷಯ ಹೊರಗೆ ಹೋಗುವುದಿಲ್ಲ ತಾನೇ ಎಂದು ಎರಡೆರಡು ಸಲ ಕೇಳುತ್ತಾರೆ. ಆದರೆ 'ನಿಮ್ಮ ಕೆಲಸವನ್ನು ನೋಡುವವರು ಯಾರು?' ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು.

ಕೌನ್ಸೆಲರ್ ತಾನು ನೋಡುತ್ತಿರುವವರ ಸಮಸ್ಯೆಯನ್ನು ಹೆಚ್ಚು ಅನುಭವವಿರುವ ಇನ್ನೊಬ್ಬರ ಮುಂದಿಟ್ಟು ನಿಯಮಿತವಾಗಿ ಚರ್ಚಿಸುವುದನ್ನು ಕ್ಲಿನಿಕಲ್ ಸೂಪರ್‌ವಿಷನ್ ಎನ್ನುತ್ತಾರೆ. ಇದು ಹಾಜರಿ ಪುಸ್ತಕ ನೋಡುವ ಮೇಲ್ವಿಚಾರಣೆಯಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಹೊಸದಾಗಿ ಮದುವೆಯಾದ ಯುವತಿಯೊಬ್ಬಳು ಬರುತ್ತಿದ್ದಳು. ಅತ್ತೆಯ ಮಾತು ತಾಳಲಾರೆ ಎಂದು ಅಳುತ್ತಿದ್ದಳು. ಮೂರನೇ ಭೇಟಿಯಲ್ಲೇ ನಾನು ಬೇರೆ ಮನೆ ಮಾಡುವ ಸಲಹೆ ಕೊಟ್ಟುಬಿಟ್ಟೆ. ಆ ವಾರ ನನ್ನ ಸೂಪರ್‌ವೈಸರ್ ಎಲ್ಲವನ್ನೂ ಕೇಳಿಸಿಕೊಂಡು, 'ಬೇರೆ ಮನೆ ಬೇಕೆಂದು ಅವಳು ಹೇಳಿದ್ದಳಾ? ನಿದ್ದೆ, ಊಟ ಹೇಗಿದೆ ಎಂದು ವಿಚಾರಿಸಿದೆಯಾ?' ಎಂದರು. ನಾನು ವಿಚಾರಿಸಿರಲಿಲ್ಲ. ನನ್ನದೇ ಮನೆಯ ಹಳೆಯ ಸಿಟ್ಟು ಅಲ್ಲಿ ಮಾತಾಡಿತ್ತು. ಮುಂದಿನ ಸಲ ಕೇಳಿದಾಗ, ವಾರಗಳಿಂದ ನಿದ್ದೆಯಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಳು. ಅಂದೇ ತಾಯಿಯ ಜೊತೆ ಮನೋವೈದ್ಯರ ಬಳಿಗೆ ಕಳುಹಿಸಿದೆವು. ಈಗಲೂ ನೆನೆದರೆ ಎದೆ ನಡುಗುತ್ತದೆ.

'ಹಾಗಾದರೆ ನಮ್ಮ ಮನೆಯ ವಿಷಯ ಇನ್ನೊಬ್ಬರಿಗೂ ಗೊತ್ತಾಗುತ್ತದಲ್ಲ?' ಎಂದು ನೀವು ಕೇಳಬಹುದು. ಒಂದೇ ಜಮಾಅತ್‌ನಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುವಾಗ ಈ ಆತಂಕ ಸಹಜ. ಹೆಸರು, ಮನೆತನ, ಗುರುತು ಸಿಗುವ ವಿವರಗಳನ್ನು ಬಿಟ್ಟೇ ಚರ್ಚಿಸಬೇಕು. ಗುಟ್ಟು ಕಾಯುವ ಹೊಣೆ ಸೂಪರ್‌ವೈಸರ್‌ಗೂ ಇದೆ. ಇದನ್ನು ಮೊದಲ ಭೇಟಿಯಲ್ಲೇ ನಿಮಗೆ ತಿಳಿಸಬೇಕು. ಚಿಕ್ಕ ಊರಾದರೆ ಬೇರೆ ಊರಿನ ಸೂಪರ್‌ವೈಸರ್ ಜೊತೆ ಫೋನಿನಲ್ಲೇ ಈ ಕೆಲಸ ನಡೆಯುತ್ತದೆ.

ಬ್ರಿಟನ್ನಿನಲ್ಲಿ ಕೌನ್ಸೆಲರ್‌ಗಳ ದೊಡ್ಡ ಸಂಘವು ವೃತ್ತಿಯಲ್ಲಿರುವ ಸದಸ್ಯರಿಗೆ, ಅವರು ಎಷ್ಟೇ ಹಳಬರಾಗಿರಲಿ, ನಿಯಮಿತ ಸೂಪರ್‌ವಿಷನ್ ಕಡ್ಡಾಯ ಮಾಡಿದೆ. ನಮ್ಮಲ್ಲಿ ನಿಮ್ಹಾನ್ಸ್‌ನಂಥ ಕಡೆ ಎಂ.ಫಿಲ್. ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು 2 ವರ್ಷ ಹಿರಿಯರ ಕಣ್ಣಳತೆಯಲ್ಲೇ ಕಲಿಯುತ್ತಾರೆ. ಕೆಲವು ತಿಂಗಳ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರನ್ನು ಯಾರು ನೋಡುತ್ತಾರೆ?

ಎಲ್ಲ ತಪ್ಪನ್ನೂ ಕೌನ್ಸೆಲರ್‌ಗಳ ಮೇಲೆ ಹೊರಿಸುವುದೂ ಸರಿಯಲ್ಲ. ಸೂಪರ್‌ವಿಷನ್‌ಗೆ ಫೀಸು ಕೊಡಬೇಕು, ಅವರ ಸಂಬಳವೋ ಅಷ್ಟಕ್ಕಷ್ಟೇ. ನಮ್ಮ ಶಾಲೆಗಳು, ಟ್ರಸ್ಟ್‌ಗಳು ಕೌನ್ಸೆಲರ್‌ರನ್ನು ನೇಮಿಸುವಾಗ ಕೋಣೆ, ಕುರ್ಚಿ, ಪರದೆ ಎಲ್ಲಕ್ಕೂ ಹಣ ಎತ್ತಿಡುತ್ತವೆ. ಈ ಖರ್ಚನ್ನೂ ಅದೇ ಪಟ್ಟಿಗೆ ಸೇರಿಸಲಿ.