ತನಗೆ ಶುದ್ಧ ಗಾಳಿ, ಪರರಿಗೆ ಹೊಗೆ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಂ ತಂಬಾಕಿನ ಉದ್ಯಮದಿಂದ ಬೆಳೆದ ನಗರ. ಕ್ಯಾಮೆಲ್ ಸಿಗರೇಟನ್ನು ತಯಾರಿಸುವ ರೆನಾಲ್ಡ್ಸ್ ಸಂಸ್ಥೆ ಅಲ್ಲಿಯದು. 2014ರ ಅಕ್ಟೋಬರಿನಲ್ಲಿ ಆ ಸಂಸ್ಥೆಯು ತನ್ನ ನೌಕರರಿಗೆ ಹೊಸ ನಿಯಮವೊಂದನ್ನು ಸಾರಿತು. 2015ರಿಂದ ಮೇಜಿನ ಬಳಿಯಲ್ಲಾಗಲಿ, ಸಭಾಕೊಠಡಿಯಲ್ಲಾಗಲಿ, ಲಿಫ್ಟಿನಲ್ಲಾಗಲಿ ಯಾರೂ ಸಿಗರೇಟು ಸೇದಕೂಡದು. ಸೇದುವವರು ಅದಕ್ಕೆಂದೇ ಮೀಸಲಾದ ಕೊಠಡಿಗೆ ಹೋಗಬೇಕು. ಕಾರ್ಖಾನೆಯ ಒಳಗೂ ಉಪಾಹಾರಗೃಹದಲ್ಲೂ ಮೊದಲಿನಿಂದಲೇ ಈ ನಿಷೇಧವಿತ್ತು.

ನಿಯಮವೇನೋ ಒಳ್ಳೆಯದೇ. ದುಡಿಯುವವನ ಉಸಿರಿಗೆ ರಕ್ಷಣೆ ದೊರೆತುದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಈ ವಿವೇಕ ಉದಿಸಿದುದು ಯಾವಾಗ? ಪರರು ಬಿಟ್ಟ ಹೊಗೆಯಿಂದ ಸೇದದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದೆಂದು ಅಮೆರಿಕದ ಸರ್ಜನ್ ಜನರಲ್ ಎವರೆಟ್ ಕೂಪ್ ಅವರ ವರದಿ 1986ರಲ್ಲಿಯೇ ತಿಳಿಸಿತ್ತು. ಉದ್ಯಮವು ಅದನ್ನು ವರ್ಷಾನುಗಟ್ಟಲೆ ಅಲ್ಲಗಳೆಯಿತು. ರೆನಾಲ್ಡ್ಸ್ ಸೇರಿದಂತೆ ದೊಡ್ಡ ಸಿಗರೇಟು ಕಂಪನಿಗಳು ಈ ವಿಷಯದಲ್ಲಿಯೂ ಜನರನ್ನು ವಂಚಿಸಿದವೆಂದು ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ 2006ರಲ್ಲಿ ತೀರ್ಪಿತ್ತರು.

ಮೇಲಾಗಿ, ಹೊಸ ನಿಯಮವು ಇ-ಸಿಗರೇಟಿಗೂ ಹೊಗೆರಹಿತ ತಂಬಾಕಿಗೂ ಅನ್ವಯಿಸಲಿಲ್ಲ. ಅವೂ ಆ ಸಂಸ್ಥೆಯ ಸರಕುಗಳೇ. ಹಳೆಯ ಸರಕಿಗೆ ಬಾಗಿಲು ಮುಚ್ಚಿ ಹೊಸ ಸರಕಿಗೆ ತೆರೆದಿಟ್ಟರೆ ಅದು ಸಂಯಮವೆನಿಸೀತೇ?

ಕೊಳ್ಳುವವನು ಪ್ರಾಪ್ತವಯಸ್ಕ, ಬಲವಂತವೇನಿಲ್ಲ ಎಂಬುದು ವ್ಯಾಪಾರಿಯ ಸಮರ್ಥನೆ. 1994ರ ಏಪ್ರಿಲ್ 14ರಂದು ಏಳು ತಂಬಾಕು ಕಂಪನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುವುದೆಂದು ತಾವು ನಂಬುವುದಿಲ್ಲ ಎಂದರು. ಚಟಕ್ಕೆ ಸಿಲುಕಿದವನ ಇಚ್ಛೆ ಸ್ವತಂತ್ರವಲ್ಲ. ಅವನ ಪಕ್ಕದಲ್ಲಿ ಮಲಗಿದ ಮಗುವಂತೂ ಏನನ್ನೂ ಕೊಂಡಿಲ್ಲ. ಕಚೇರಿಯ ಗುಮಾಸ್ತನಿಗೆ ಸಲ್ಲುವ ರಕ್ಷಣೆ ಆ ಮಗುವಿಗೇಕೆ ಸಲ್ಲದು?

ಭಾರತದಲ್ಲಿ 2008ರ ಅಕ್ಟೋಬರ್ 2ರಿಂದ ಕೆಲಸದ ಸ್ಥಳಗಳಲ್ಲಿಯೂ ಧೂಮಪಾನ ನಿಷಿದ್ಧ. ಇಲ್ಲಿನ ಸಿಗರೇಟು ಕಂಪನಿಯ ಕಚೇರಿಗೂ ಅದೇ ಕಾನೂನು. ಕಚೇರಿ ನಿರ್ಮಲ, ಸರಕು ವಿಷ! ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜೀವಗಳನ್ನು ತಂಬಾಕು ಬಲಿಗೊಳ್ಳುತ್ತಿದೆ.

ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಲ್ಲಿಯೂ ಹಿಂಸೆ ಹಿಂಸೆಯೇ. ವಿಷವನ್ನು ಪರರ ಕೈಗೀಯುವುದನ್ನು ಆಚಾರ್ಯರು ಹಿಂಸಾದಾನವೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಸಿಗರೇಟನ್ನು ಮುಟ್ಟದ ಶ್ರಾವಕನು ಅದರ ಕಂಪನಿಯ ಷೇರನ್ನು ಕೊಂಡು ಲಾಭಾಂಶವನ್ನು ಎಣಿಸಿದರೆ, ಅವನದೂ ಹೊಗೆಯಿಲ್ಲದ ಕಚೇರಿಯ ಶುದ್ಧಿಯೇ ಹೊರತು ಬೇರೆಯಲ್ಲ. ಅಭಿಷೇಕದ ನೀರನ್ನು ಸೋಸಿ ಬಳಸುವ ಬಸದಿಗಳ ಟ್ರಸ್ಟುಗಳು ತಮ್ಮ ನಿಧಿಯ ಮೂಲವನ್ನೂ ಹಾಗೆಯೇ ಸೋಸಿ ನೋಡಲಿ. ತನ್ನ ಮನೆಯೊಳಗೆ ಬೇಡವಾದುದನ್ನು ನೆರೆಮನೆಗೆ ಮಾರದಿರುವುದೇ ಅಹಿಂಸೆಯ ಮೊದಲ ಪಾಠ.