ಯುದ್ಧದಲ್ಲಿ ಗ್ರಂಥಾಲಯ ಉಳಿಸಿದ್ದು ಗೆಳೆತನ; ನಮ್ಮ ಮೇಲ್ವಿಚಾರಕಿ ಮಾತ್ರ ಒಬ್ಬಂಟಿ

2003ರ ಏಪ್ರಿಲ್. ಇರಾಕಿನ ಬಸ್ರಾದಲ್ಲಿ ಯುದ್ಧ. ಪುಸ್ತಕಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ಕೇಂದ್ರ ಗ್ರಂಥಾಲಯದ ಮುಖ್ಯಸ್ಥೆ ಆಲಿಯಾ ಮುಹಮ್ಮದ್ ಬಾಕರ್ ಮೊದಲೇ ಅನುಮತಿ ಕೇಳಿದ್ದರು. ಸಿಗಲಿಲ್ಲ. ಕೊನೆಗೆ ಸಿಬ್ಬಂದಿ, ನೆರೆಹೊರೆಯವರು ಸೇರಿ ಕಾಂಪೌಂಡ್ ಗೋಡೆಯ ಮೇಲಿಂದ ಪುಸ್ತಕ ದಾಟಿಸಿ ಪಕ್ಕದ ಹೋಟೆಲಿನಲ್ಲಿ ಪೇರಿಸಿದರು. ಸುಮಾರು 30,000 ಪುಸ್ತಕ ಉಳಿದವು. ಕೆಲವೇ ದಿನಗಳಲ್ಲಿ ಗ್ರಂಥಾಲಯ ಸುಟ್ಟುಹೋಯಿತು. ಆಮೇಲೆ ಆ ಪುಸ್ತಕಗಳಿಗೆ ಆಶ್ರಯ ಕೊಟ್ಟದ್ದು ಆಲಿಯಾ, ಅವರ ಸ್ನೇಹಿತರು ಮತ್ತು ಸಹೋದ್ಯೋಗಿಗಳ ಮನೆಗಳು.

ನಾವು ಇದನ್ನು ಒಬ್ಬ ವೀರನಾರಿಯ ಕತೆಯಾಗಿ ಶೇರ್ ಮಾಡ್ತೇವೆ. ಆದರೆ 30,000 ಪುಸ್ತಕವನ್ನು ಒಬ್ಬರೇ ಹೊರಲು ಆಗುತ್ತದಾ?

ಲೆನಿನ್‌ಗ್ರಾದ್ ನೋಡಿ. 1941ರಿಂದ 1944ರವರೆಗೆ 872 ದಿನಗಳ ಮುತ್ತಿಗೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯ ಕೆಲಸ ನಿಲ್ಲಿಸಲಿಲ್ಲ. ಸಿಬ್ಬಂದಿಯಲ್ಲಿ ಬಹುಪಾಲು ಮಹಿಳೆಯರು. ಕರೆಂಟಿಲ್ಲ, ಬಿಸಿಯಿಲ್ಲ, ಅನ್ನವಿಲ್ಲ. ಬೆಂಕಿಕಡ್ಡಿ ಮಾಡುವುದು ಹೇಗೆ, ಪೈನ್ ಎಲೆಯಿಂದ ವಿಟಮಿನ್ ತೆಗೆಯುವುದು ಹೇಗೆ ಎಂದು ನಗರ ಕೇಳಿತು. ಅವರು ಪುಸ್ತಕ ಹುಡುಕಿ ಉತ್ತರ ಕೊಟ್ಟರು. ಹಸಿವಿನಿಂದ ಸಹೋದ್ಯೋಗಿಗಳು ಸಾಯುತ್ತಿದ್ದಾಗಲೂ ಉಳಿದವರು ಬಾಗಿಲು ತೆರೆದರು. ಒಬ್ಬಳು ಬೀಳುವಾಗ ಹಿಡಿಯಲು ಇನ್ನೊಬ್ಬಳು ಇದ್ದಳು.

ಉಡುಪಿಯಲ್ಲಿ ಕೂತು ಇದನ್ನೆಲ್ಲ ಯಾಕೆ ಬರೀತಿದ್ದೇನೆ ಅಂದರೆ, ನಮ್ಮ ಹಳ್ಳಿ ಗ್ರಂಥಾಲಯಗಳಲ್ಲಿ ಇಲ್ಲದ್ದು ಆ ‘ಇನ್ನೊಬ್ಬಳು’.

ರಾಜ್ಯದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಮೂಲಕ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಈಗ ‘ಅರಿವು ಕೇಂದ್ರ’ ಎಂಬ ಹೆಸರು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಒಂದು ಕೇಂದ್ರಕ್ಕೆ ಒಬ್ಬರೇ ಮೇಲ್ವಿಚಾರಕರು. ಇಂಜಿನಿಯರಿಂಗ್‌ನಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲೊಂದು: ಇಡೀ ಯಂತ್ರವನ್ನು ಒಂದೇ ಬೋಲ್ಟಿನ ಮೇಲೆ ನಿಲ್ಲಿಸಬೇಡ. ಆ ಒಬ್ಬರಿಗೆ ಜ್ವರ ಬಂದರೆ ಗ್ರಂಥಾಲಯಕ್ಕೇ ಜ್ವರ.

ಮೇಲ್ವಿಚಾರಕರಲ್ಲಿ ಗಂಡಸರೂ ಇದ್ದಾರೆ, ಸರಿ. ಆದರೆ ಕರಾವಳಿಯಲ್ಲಿ ಒಬ್ಬಂಟಿ ಮೇಲ್ವಿಚಾರಕಿಯ ಕಷ್ಟ ಬೇರೆಯೇ. 2021ರ ಕೊನೆಗೆ ಉಡುಪಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಹಿಜಾಬ್ ವಿವಾದ ಶುರುವಾಯಿತು. 2022ರ ಫೆಬ್ರವರಿ 5ಕ್ಕೆ ಸರ್ಕಾರಿ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು. ಕಾನೂನಿನ ಚರ್ಚೆ ಬೇಕಾದಷ್ಟು ಆಯಿತು. ಒಂದೇ ಕ್ಲಾಸಿನ ಹುಡುಗಿಯರ ನಡುವೆ ಮುರಿದುಬಿದ್ದ ಗೆಳೆತನದ ಲೆಕ್ಕ ಯಾರಿಟ್ಟರು?

ಅವರು ಮತ್ತೆ ಒಟ್ಟಿಗೆ ಕೂರಬಹುದಾದ ಜಾಗಗಳಲ್ಲಿ ಪಂಚಾಯಿತಿ ಗ್ರಂಥಾಲಯವೂ ಒಂದು. ಅಲ್ಲಿ ಯೂನಿಫಾರ್ಮ್ ಇಲ್ಲ, ಫೀಸ್ ಇಲ್ಲ, ಅಂಕ ಇಲ್ಲ. ಕಾಪುವಿನ ಮೀನುಗಾರರ ಮಗಳೂ ಕಾರ್ಕಳದಲ್ಲಿ ಬೀಡಿ ಕಟ್ಟುವ ಅಮ್ಮನ ಮಗಳೂ ಹೋಗಬಹುದು. “ಒಳಗೆ ಬಾ ಮಾರಾಯ್ತಿ” ಎಂದು ಕರೆಯಲು ಬೇಕಿರುವುದು ಒಬ್ಬ ಅಕ್ಕ. ಆದರೆ ನಾಳೆ ನಾಲ್ಕು ಜನ ಬಂದು “ಇವರನ್ನೆಲ್ಲ ಯಾಕೆ ಒಟ್ಟಿಗೆ ಕೂರಿಸ್ತೀರಿ?” ಎಂದು ದಬಾಯಿಸಿದರೆ? ನೈತಿಕ ಪೊಲೀಸ್‌ಗಿರಿ ನಮ್ಮ ಜಿಲ್ಲೆಗಳಿಗೆ ಹೊಸತಲ್ಲ. ಒಬ್ಬಳೇ ಇದ್ದರೆ ಬಾಗಿಲು ಹಾಕ್ತಾಳೆ. ತಾಲ್ಲೂಕಿನ ಹತ್ತು ಮಂದಿ ಬೆನ್ನಿಗಿದ್ದರೆ ಉತ್ತರ ಕೊಡ್ತಾಳೆ. ಧೈರ್ಯ ಎಂಬುದು ಸ್ವಭಾವ ಮಾತ್ರ ಅಲ್ಲ, ವ್ಯವಸ್ಥೆ ಕೂಡ.

ಪ್ರತಿ ಪಂಚಾಯಿತಿಗೂ ಇಬ್ಬರನ್ನು ನೇಮಿಸಲು ದುಡ್ಡೆಲ್ಲಿ ಅಂತ ಕೇಳಬಹುದು. ಅಷ್ಟೇನೂ ಬೇಡ. ರಜೆಯಲ್ಲಿ ಬದಲಿಗೆ ಬರಲು ತಾಲ್ಲೂಕಿಗೆ ಒಂದಿಬ್ಬರು. ಕೆಲಸದ ದಿನವೆಂದೇ ಪರಿಗಣಿಸಿ, ಬಸ್ ಚಾರ್ಜ್ ಕೊಟ್ಟು ತಿಂಗಳಿಗೊಂದು ಭೇಟಿ. ನಿಗದಿತ ದಿನಕ್ಕೆ ಸಂಬಳ. ಕನಿಷ್ಠ ವೇತನ, ಬಾಕಿ ವೇತನಕ್ಕಾಗಿ ಇವರು ಬೀದಿಗಿಳಿದದ್ದು ಒಂದೆರಡು ಸಲವಲ್ಲ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಲೇ ಇದ್ದೇವೆ. ಇನ್ನು, ಆದೇಶ ಬಂದು ಬೀಳುವ ವಾಟ್ಸಾಪ್ ಗ್ರೂಪನ್ನು ದಯವಿಟ್ಟು ಗೆಳೆತನ ಅನ್ನಬೇಡಿ.

ಮುಂದಿನ ಗ್ರಾಮಸಭೆಗೆ ಹೋದಾಗ ಮೂರೇ ಪ್ರಶ್ನೆ ಕೇಳಿ: ಕಳೆದ ತಿಂಗಳು ಗ್ರಂಥಾಲಯ ಎಷ್ಟು ದಿನ ಮುಚ್ಚಿತ್ತು? ಮೇಲ್ವಿಚಾರಕಿ ರಜೆ ಹಾಕಿದಾಗ ಬದಲಿಗೆ ಯಾರು ಬಂದರು? ಅವರ ಸಂಬಳ ಯಾವ ತಾರೀಕಿಗೆ ಬಂತು? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.