ಏಡಿಬಿಲದ ಬಾಯಿ ಮುಚ್ಚಿದರೆ ಸಾಲದು

2016ರ ಡಿಸೆಂಬರ್ 24ರಂದು ಅಮೆರಿಕದ ಮಿಶಿಗನ್ ರಾಜ್ಯದ ಫ್ರೇಸರ್ ಪಟ್ಟಣದಲ್ಲಿ ರಸ್ತೆಯ ಬದಿಯ ನೆಲ ಮನೆಗಳ ಸಮೇತ ಕುಸಿಯತೊಡಗಿತು. ಸುಮಾರು 60 ಅಡಿ ಆಳದಲ್ಲಿದ್ದ, 11 ಅಡಿ ವ್ಯಾಸದ ಒಳಚರಂಡಿ ಕೊಳವೆ ಒಡೆದಿತ್ತು. ಇಪ್ಪತ್ತಕ್ಕೂ ಹೆಚ್ಚು ಮನೆಗಳನ್ನು ತೆರವು ಮಾಡಬೇಕಾಯಿತು. ದುರಸ್ತಿಗೆ ತಗುಲಿದ ವೆಚ್ಚ ಸುಮಾರು 7.5 ಕೋಟಿ ಡಾಲರ್. ಇದೇ ಕೊಳವೆಮಾರ್ಗ 2004ರಲ್ಲೂ ಸಮೀಪದಲ್ಲೇ ಕುಸಿದಿತ್ತು, ಆಗಲೂ ದುರಸ್ತಿಯಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಕಡಲಾಚೆಯ ಈ ಘಟನೆ ಮಲೆನಾಡಿನವರಿಗೇಕೆ ಎಂಬ ಪ್ರಶ್ನೆ ಸಹಜ. ದೊಡ್ಡ ಒಳಚರಂಡಿಗಳಲ್ಲಿ ಕೊಳಚೆ ಹರಿಯುವುದು ಬಹುಮಟ್ಟಿಗೆ ಪಂಪಿನ ಬಲದಿಂದಲ್ಲ, ನೆಲದ ವಾಟದಿಂದ. ವಾಟವನ್ನು ಅರಸುವ ಕೊಳವೆ ಕೊನೆಗೆ ಕಣಿವೆಯ ತಳಕ್ಕೆ, ಅಂದರೆ ಹಳ್ಳದ ದಂಡೆಗೇ ಬಂದು ಸೇರುತ್ತದೆ. ಗುಡ್ಡಗಾಡಿನ ಪಟ್ಟಣಗಳಿಗೆ ಬೇರೆ ದಾರಿ ಕಡಿಮೆ. ಪೇಟೆಯ ಕೊಳವೆ ಒಡೆದರೆ ಅದರ ಫಲ ಉಣ್ಣುವವರು ಕೆಳಗಿನ ಊರಿನವರು: ಅದೇ ಹಳ್ಳದಿಂದ ತೋಟಕ್ಕೆ ನೀರು ತಿರುಗಿಸುವವರು, ದನಕರುಗಳಿಗೆ ನೀರು ಕುಡಿಸುವವರು.

ಇಂಥ ಕೊಳವೆಗಳು ಸಾಮಾನ್ಯವಾಗಿ ಒಂದೇ ದಿನದಲ್ಲಿ ಹಾಳಾಗುವುದಿಲ್ಲ. ಗಾಳಿಯಾಡದ ಕೊಳಚೆಯಲ್ಲಿ ಬದುಕುವ ಸೂಕ್ಷ್ಮಾಣುಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉತ್ಪಾದಿಸುತ್ತವೆ. ಕೊಳವೆಯ ಮೇಲ್ಭಾಗದ ತೇವದಲ್ಲಿ ಬೇರೊಂದು ಬಗೆಯ ಸೂಕ್ಷ್ಮಾಣುಗಳು ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ಬಿರುಕು ಅಥವಾ ಸಡಿಲವಾದ ಕೀಲಿನ ಮೂಲಕ ಅಂತರ್ಜಲ ಒಳನುಗ್ಗುವಾಗ ಸುತ್ತಲಿನ ನುಣ್ಣನೆಯ ಮಣ್ಣೂ ಕೊಚ್ಚಿಹೋಗುತ್ತದೆ. ಹೊರಗೆ ಕಾಣದ ಪೊಳ್ಳು ಬೆಳೆಯುತ್ತ ಹೋಗಿ ಒಂದು ದಿನ ಮೇಲಿನ ನೆಲ ಕುಸಿಯುತ್ತದೆ. ಗದ್ದೆಯ ಅಂಚಿನಲ್ಲಿ ಏಡಿ ಕೊರೆದ ಬಿಲವನ್ನು ಬಲ್ಲವರಿಗೆ ಇದು ಹೊಸತಲ್ಲ. ಬಾಯಿ ಚಿಕ್ಕದು, ಒಳಗಿನ ಹಾನಿ ದೊಡ್ಡದು.

ದುರಸ್ತಿಗೂ ಒಂದು ಕ್ರಮವಿದೆ. ಮೊದಲು ಒಡೆದ ಭಾಗದ ಮೇಲ್ಗಡೆಯಲ್ಲೇ ಕೊಳಚೆಯನ್ನು ತಡೆದು, ಪಂಪು ಮತ್ತು ತಾತ್ಕಾಲಿಕ ಕೊಳವೆಗಳ ಮೂಲಕ ಕೆಳಗಿನ ಮ್ಯಾನ್‌ಹೋಲಿಗೆ ದಾಟಿಸಬೇಕು. ಇದು ದುಬಾರಿ ಕೆಲಸ. ಇದನ್ನು ಕೈಬಿಟ್ಟರೆ ಕೊಳಚೆಗೆ ಉಳಿಯುವ ದಾರಿ ಹಳ್ಳವೊಂದೇ. ಅನಂತರ ಕ್ಯಾಮೆರಾ ಇಳಿಸಿ ಒಳಗನ್ನು ಪರೀಕ್ಷಿಸಬೇಕು. ಕೊಳವೆಯ ಆಕಾರ ಉಳಿದಿದ್ದರೆ ನೆಲ ಅಗೆಯದೆಯೇ ರಾಳದಲ್ಲಿ ನೆನೆಸಿದ ಬಟ್ಟೆಯ ಪದರವನ್ನು ಒಳಗೆ ಹಾಯಿಸಿ ಗಟ್ಟಿಗೊಳಿಸಬಹುದು. ಈ ವಿಧಾನ 1971ರಲ್ಲಿ ಲಂಡನ್ನಿನಲ್ಲಿ ಬಳಕೆಗೆ ಬಂದಿತು. ಕುಸಿದಿದ್ದರೆ ಅಗೆದು ಬದಲಿಸಲೇಬೇಕು, ಸುತ್ತಲಿನ ಪೊಳ್ಳನ್ನೂ ತುಂಬಬೇಕು. ಫ್ರೇಸರಿನಲ್ಲಿ ಕುಸಿದ ಭಾಗವನ್ನು ಬದಲಿಸಿದ್ದಲ್ಲದೆ, ಅದರಾಚೆಗಿನ ಹಳೆಯ ಕೊಳವೆಯೊಳಗೂ ಗಾಜಿನಾರಿನ ಹೊಸ ಕೊಳವೆಯನ್ನು ಸೇರಿಸಲಾಯಿತು.

ಕಾಂಕ್ರೀಟನ್ನು ತಿನ್ನುವ ಆಮ್ಲಕ್ಕೆ ಮೂಲವಾದ ಅನಿಲವೇ ಮನುಷ್ಯನನ್ನೂ ಕೊಲ್ಲುತ್ತದೆ. ರಕ್ಷಣಾ ಸಲಕರಣೆಯಿಲ್ಲದೆ ಒಳಚರಂಡಿ ಸ್ವಚ್ಛತೆಗೆ ಜನರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಕಡಿಮೆ ಖರ್ಚಿನ ದುರಸ್ತಿಯೆಂದರೆ ಹಲವು ಸಲ ಬಡವನೊಬ್ಬನನ್ನು ಹಗ್ಗ ಕಟ್ಟಿ ಇಳಿಸುವುದೇ ಆಗಿರುತ್ತದೆ. ಅಂಥ ಅಗ್ಗವನ್ನು ಯಾವ ಊರೂ ಒಪ್ಪಬಾರದು.

ಆದ್ದರಿಂದ ಪಟ್ಟಣದ ಕೊಳವೆ ಸೋರಿದಾಗ ಕೆಳಗಿನ ಊರುಗಳ ಗ್ರಾಮಸಭೆಗಳು ಮೂರು ಪ್ರಶ್ನೆಗಳನ್ನು ಎತ್ತಬೇಕಾಗಿದೆ. ಕೆಲಸ ಮುಗಿಯುವವರೆಗೆ ಕೊಳಚೆ ಎಲ್ಲಿಗೆ ಹರಿಯುತ್ತದೆ? ಒಡೆದ ಜಾಗವಲ್ಲದೆ ಉಳಿದ ಮಾರ್ಗವನ್ನೂ ಪರೀಕ್ಷಿಸಲಾಗಿದೆಯೆ? ಒಡೆದ ಕಾರಣವನ್ನು ಬರಹದಲ್ಲಿ ತಿಳಿಸಲಾಗಿದೆಯೆ? ಹಳ್ಳದ ದಂಡೆಯ ಮ್ಯಾನ್‌ಹೋಲುಗಳನ್ನು ನಕ್ಷೆಯಲ್ಲಿ ಗುರುತಿಸಿ, ಎಲ್ಲಿ ನೆಲ ತಗ್ಗಿದೆ, ಎಲ್ಲಿ ವಾಸನೆಯಿದೆ ಎಂದು ಬರೆದಿಡುವುದು ವಿದ್ಯಾರ್ಥಿಗಳಿಂದಲೂ ಸಾಧ್ಯ. ಮಳೆಗಾಲಕ್ಕೆ ಮುನ್ನ ಸಿದ್ಧವಾದ ಇಂಥ ಒಂದು ಹಾಳೆ, ಕೊಳವೆ ಒಡೆದ ಮೇಲೆ ಬರೆಯುವ ಹತ್ತು ಮನವಿಗಳಿಗಿಂತ ಹೆಚ್ಚು ಉಪಯುಕ್ತ.

ಅನುಭವಸ್ಥ ರೈತ ಏಡಿಬಿಲದ ಬಾಯಿಗೆ ಹಿಡಿ ಮಣ್ಣು ತುರುಕಿ ಮನೆಗೆ ಹೋಗುವುದಿಲ್ಲ. ಬಿಲ ಸಾಗಿದಷ್ಟು ದೂರ ಅಗೆದು, ಜೇಡಿ ತುಂಬಿ, ತುಳಿದು ಗಟ್ಟಿಮಾಡುತ್ತಾನೆ. ಪಟ್ಟಣಗಳ ದುರಸ್ತಿ ಕೆಲಸವೂ ಅಷ್ಟು ದೂರ ಹೋಗಬೇಕು.